ನೀ ಕಳಿಸಿದ ಎರಡು ಐರನ್

ಸೇಡಂ
೧೦ ಡಿಸೆಂಬರ್ ೨೦೦೩

ದೋಸ್ತ ಖಾಜಾಮಿಯಾನಿಗೆ,

ಸಂಗಣ್ಣ ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು ಮಾಡುವ ಸಲಾಮು.

ಹೈದರಾಬಾದ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀ ಕಳಿಸಿದ ಎರಡು ಗಾಲ್ಫ್ ಕೋಲು, ಹಳೆ ಧೋತರದಾಗ ಸುತ್ತಿದಂಗೇ ಬಂದು ಮುಟ್ಟಿದವು. ಎರಡೂ ಏಳನೇ ನಂಬರಿನ ಐರನ್. ಎರಡೂ ದೂರ ಹೊಡೆಯಲಿಕ್ಕೆಂದೇ ಮಾಡಿದವು, ಸೆಟ್ಟು ಮಾತ್ರ ಬೇರೆ ಬೇರೆ. ಜೊತೆಗೆ ನಿನ್ನ ಚೀಟಿ: ‘ಐವತ್ತು ದಾಟಿತು ಸಂಗಣ್ಣಾ, ನಿನ್ನ ಚೆಂಡು ಮೊದಲಿನಂಗ ಹೋಗಂಗಿಲ್ಲ. ಎರಡೂ ಹೊಡದು ನೋಡು. ಯಾವ ಸೆಟ್ ಬೇಕಂತ ಬರಿ, ಶನಿವಾರದ ತನಕ ಅಂಗಡ್ಯಾಗ ಹಿಡದಿಡ್ತೀನಿ.’

ಹೋಗಂಗಿಲ್ಲವಂತೆ. ಸುಲೇಪೇಟ, ಚಿಂಚೋಳಿ, ಚಿತ್ತಾಪುರ, ಎಲ್ಲಿ ನಾಟಕದ ಪರದೆ ಎದ್ದರೂ ಕೊನೇ ಸಾಲಿನ ಮುದುಕಿ ಬೆಚ್ಚಿಬೀಳುವಂತೆ ಗರ್ಜಿಸಿದವನು ನಾನು. ಸಿಟ್ಟಿಗೇ ಮರುದಿನ ಮುಂಜಾನೆ ಫ್ಯಾಕ್ಟರಿ ಕಾಲೊನಿಯ ಮೈದಾನಕ್ಕೆ ಹೋದೆ. ನಮ್ಮ ಮೈದಾನ ನಿನಗೆ ಗೊತ್ತೇ ಇದೆ: ಹುಲ್ಲಿಲ್ಲ, ಕುಳಿಯ ಬಾವುಟದ ಸುತ್ತ ಉಸುಕು, ಒಂದು ಗೇಣು ಅಗೆದರೆ ಫರಸಿಕಲ್ಲು. ನಮ್ಮ ಮನೆಯಾಕಿ ಜಯಮಾಲಾ ಕೊಡೆ ಹಿಡಿದು ಮುಂದೆ ನಿಂತಳು. ಚೆಂಡು ನಿಂತಲ್ಲೆಲ್ಲ ಒಂದೊಂದು ಕಲ್ಲು ಇಡುವುದು ಅವಳ ಕೆಲಸ.

ಮೊದಲನೇ ಕೋಲಿನಿಂದ ಒಂದು ಚೆಂಡು ನೂರಾ ಎಪ್ಪತ್ತು ಗಜ ಹೋಯಿತು ನೋಡು. ನನ್ನ ಜನ್ಮದಲ್ಲಿ ಆ ನಂಬರಿಗೆ ಅಷ್ಟು ದೂರ ಕಂಡಿರಲಿಲ್ಲ. ಖರೆ, ಅದರ ಹಿಂದಿನದು ನೂರಾ ಹದಿನೈದಕ್ಕೆ ಬಿತ್ತು, ಇನ್ನೊಂದು ಫರಸಿಗೆ ಪುಟಿದು ಗೋಡೆ ಹಾರಿತು. ಎರಡನೇ ಕೋಲು ನೂರಾ ಐವತ್ತು ದಾಟಲಿಲ್ಲ. ಆದರೆ ಅಂಚಿಗೆ ತಾಗಿದ ಹೊಡೆತವೂ ನೂರಾ ನಲವತ್ತಕ್ಕೆ ಮುಟ್ಟಿತು, ಎತ್ತರಕ್ಕೆ ಎದ್ದು, ಬಿದ್ದಲ್ಲೇ ನಿಂತಿತು. ಹದಿನಾರು ಹ್ಯಾಂಡಿಕ್ಯಾಪಿನ ನಡು ದರ್ಜೆ ಆಟಗಾರ ನಾನು. ಹತ್ತು ಹೊಡೆದರೆ ಮೂರು ನೆಟ್ಟಗೆ ಬೀಳುತ್ತವೆ.

ಜಯಮಾಲಾ ಬಂದವಳೇ ಅಂದಳು: ‘ಮೊದಲನೇದರ ಕಲ್ಲು ನೋಡ್ರಿ, ಜಗಳಾಡಿ ಚದುರಿ ಹೋದಂಗ ಅವ. ಎರಡನೇವು ಪಂಕ್ತಿಗೆ ಕುಂತಂಗ ಅವ.’ ನಾನು ಆ ನೂರಾ ಎಪ್ಪತ್ತರ ಕಲ್ಲಿನ ಕಡೆ ಬೆರಳು ಮಾಡಿದೆ. ಅವಳು ನಕ್ಕಳು. ‘ಒಂದು ಚಪ್ಪಾಳಿ ಬಿದ್ದರ ಸಾಕು ನಿಮಗ, ನಾಟಕ ಹಾಳಾಗಲಿ.’

ಖಾಜಾ, ನಾನು ಕೋಲು ನೆಲಕ್ಕೆ ಊರಿದೆ. ಅವಳು ಗೊತ್ತಿಲ್ಲದೆ ಆಡಿದ ಮಾತು ಚಂದಾಪುರದ ಆ ನಾಟಕದ ರಾತ್ರಿಗೆ ಹೋಗಿ ಬಿತ್ತು.

ತೊಂಬತ್ತೊಂದನೇ ಇಸವಿ. ನಾನು ರಾಜ, ನೀ ಕೊನೇ ಸಾಲಿನ ಹಿಂದೆ ಮೈಕಿನ ಡಬ್ಬಿ ಮುಂದೆ. ನಮ್ಮಿಬ್ಬರ ಕರಾರು: ನಿನ್ನ ಕೈ ಮೇಲಿದ್ದರೆ ದನಿ ಏರಿಸಬೇಕು, ಕೈ ಇಳಿದರೆ ಸಾಕು. ಮೂರನೇ ಅಂಕದಲ್ಲಿ ನೀ ಕೈ ಇಳಿಸಿದೆ. ನಾನು ನೋಡಿದೆ. ಆದರೆ ಮುಂದಿನ ಸಾಲು ಚಪ್ಪಾಳೆ ಹೊಡೆದಿತ್ತು, ಇನ್ನೂ ಏರಿಸಿದೆ. ಗಂಟಲು ಒಡೆದು ರಾಜ ಕೋಳಿಮರಿಯಂತೆ ಕೀಚಲು ದನಿ ತೆಗೆದ. ಜನ ನಕ್ಕಿತು, ಪರದೆ ಬಿತ್ತು. ಬಣ್ಣದ ಕೋಣೆಯಲ್ಲಿ ಎಲ್ಲರ ಮುಂದೆ ನಾನಂದೆ: ‘ಖಾಜಾಮಿಯಾನ ಮೈಕು ಕೈಕೊಟ್ಟಿತು.’ ನೀ ನನ್ನ ಮುಖ ನೋಡಿ, ‘ಹೌದ್ರಿ, ವೈರ್ ಸಡಲಿತ್ತು’ ಅಂದೆ. ಅಂದಿನಿಂದ ನಮ್ಮ ನಾಟಕ ಮಂಡಳಿ ನಿನ್ನನ್ನು ಮೈಕಿಗೆ ಕರೆಯಲಿಲ್ಲ. ಹೈದರಾಬಾದಿಗೆ ನೀ ಹೊರಟ ದಿನ ನಾನು ಬಸ್ಸಿನ ಕಿಟಕಿ ಹಿಡಿದು ಊರ ಸುದ್ದಿಯೆಲ್ಲ ಆಡಿದೆ, ಇದೊಂದು ಆಡಲಿಲ್ಲ.

ವೈರ್ ಸಡಿಲಿರಲಿಲ್ಲ, ಖಾಜಾ. ಹನ್ನೆರಡು ವರ್ಷ ಸಡಿಲಿದ್ದವನು ನಾನು. ಜಯಮಾಲಾಳಿಗೆ ಅಲ್ಲೇ ಮೈದಾನದಲ್ಲೇ ಹೇಳಿದೆ. ಮಂಡಳಿಯವರು ಭಾನುವಾರ ತಾಲೀಮಿಗೆ ಕೂಡುತ್ತಾರೆ, ಅಲ್ಲಿ ನಿಂತು ಹೇಳುತ್ತೇನೆ. ಇದಕ್ಕೆ ಮೈಕು ಬೇಡ, ಗಂಟಲು ಗಟ್ಟಿ ಇದೆ.

ಎರಡನೇ ಸೆಟ್ಟೇ ನನ್ನದು. ತಾಕತ್ತು ಕಡಿಮೆಯಾಯಿತೆಂದು ಅಲ್ಲ, ಅದನ್ನು ನಿನ್ನ ಅಂಗಡಿಯವರಿಗೂ ಹೇಳು. ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿ ನಿಲ್ಲುವುದು ಬೇಕಾಗಿದೆ. ಆದರೆ ಈ ಸಲ ಕಂಡಕ್ಟರ್ ಕೈಯಲ್ಲಿ ಕಳಿಸಬೇಡ, ನೀನೇ ಹೊತ್ತುಕೊಂಡು ಬಾ. ಒಂಬತ್ತನೇ ಬಾವುಟದ ಹತ್ತಿರ ಹೋಗಿ ನಿಂತು ಕೈ ಎತ್ತು.

ನೀ ಇಳಿಸಿದ್ದು ಅಂದೂ ನೋಡಿದ್ದೆ, ಈ ಸಲ ನೋಡಿ ನಿಲ್ಲುತ್ತೇನೆ.

ಆ ಕೈಗೆ ಬರಕತ್ತಿರಲಿ.

ಕೊನೇ ಸಾಲಿನ ಕಡೆಗೇ ಮುಖ ಮಾಡಿ ನಿಂತ,
ನಿನ್ನ ಸಂಗಣ್ಣ