ಒಂಬತ್ತು ದಿನದ ಪರಿಚಯ

೯ ಜನವರಿ ೨೦೦೬

ಇವತ್ತೂ ವಾದಿರಾಜ ಸರ್ ಚೇಂಬರ್ ಮುಂದೆ ನಿಂತೆ. ಮುಕ್ಕಾಲು ಗಂಟೆ. ಒಂದು ಡೌಟ್ ಬರೆದುಕೊಂಡು ಹೋಗಿದ್ದೆ — ಉತ್ತರ ನನಗೇ ಗೊತ್ತಿದ್ದ ಡೌಟ್. ಧಾರವಾಡದ ಪಿಎಚ್.ಡಿ. ಅರ್ಜಿಗೆ ಪಾಠ ಮಾಡಿದವರ ಶಿಫಾರಸು ಪತ್ರ ಬೇಕು. ಸೀಟು ಎರಡೇ. "ಸರ್ ಪರಿಚಯ ಮಾಡ್ಕೊ. ಅವರ ಲೆಟರ್‌ಗೆ ತೂಕ ಭಾಳ" ಎಂದಿದ್ದಳು ಸೀನಿಯರ್ ಶ್ರೀಪ್ರಿಯಾ. ಪರಿಚಯ ಮಾಡಿಕೊಳ್ಳುವುದು ಹೇಗೆ ಅಂತ ಹೇಳಲಿಲ್ಲ.

ಸರ್ ಹೊರಬಂದರು. ಮೈನಿಂಗ್ ಕಂಪನಿಯ ಜೀಪು ಕಾಯುತ್ತಿತ್ತು. "ನಾಳೆ ಬಾರಮ್ಮ."

೨೯ ಜನವರಿ

ಸಂಡೂರು ಗುಡ್ಡಕ್ಕೆ ಹೋಗಿಬಂದೆ. ಒಬ್ಬಳೇ. ಎಂ.ಎಸ್ಸಿ. ಬಾಟನಿಗೆ ಹನ್ನೆರಡು ಜನ ಸೇರಿದ್ದೆವು, ಈಗ ಐವರು. ಹುಡುಗರೆಲ್ಲ ಮೈನ್ಸ್‌ನಲ್ಲಿ ಸೂಪರ್‌ವೈಸರ್. ದಾರಿಯಲ್ಲಿ ಅವರಲ್ಲೊಬ್ಬ, ಪಾಲಪ್ಪ ಸಿಕ್ಕ, ಹೊಸ ಬೈಕು. "ಇನ್ನೂ ಗಿಡ ಎಣಿಸಾಕತ್ತೀಯೇನ್ ಜ್ಯೋತಿ?" ನಕ್ಕೆ. ಲಾರಿಗಳ ಹಿಂದೆ ಅವನೂ ಕೆಂಪು ಧೂಳಿನಲ್ಲಿ ಮರೆಯಾದ.

೧೪ ಫೆಬ್ರವರಿ

ಸರ್ ಕೊನೆಗೂ ಒಳಗೆ ಕರೆದರು.

"ನನಗ ಟೈಮ್ ಎಲ್ಲದ? ನೀನೇ ಬರಕೊಂಡು ಬಾ. ಸೈನ್ ಹಾಕ್ತೀನಿ."

ಊರಿಗೆ, ಮೆಟ್ರಿಗೆ ಫೋನ್ ಮಾಡಿದೆ. "ಆ ಚೀಟಿ ಕೊಟ್ರೇನವ್ವ?" ಎಂದಳು ಅವ್ವ. ಕೊಡ್ತಾರ ಎಂದೆ.

೧೬ ಫೆಬ್ರವರಿ

'ಈಕೆ ಪರಿಶ್ರಮಿ, ವಿನಯವಂತೆ...' ತೀರಿಹೋದವರ ಬಗ್ಗೆ ಬರೆದ ಹಾಗಿತ್ತು. ಹರಿದೆ. ಆಮೇಲೆ ನಿಜವನ್ನೇ ಬರೆದೆ: ಗುಡ್ಡದಲ್ಲಿ ನಲವತ್ತು ಜಾಗ ಗುರುತಿಸಿ ಎರಡು ವರ್ಷ ದಿಂಡಿಗ ಮರದ ಸಸಿ ಎಣಿಸಿದ್ದಾಳೆ. ಅದಿರು ಲಾರಿಗಳ ರಸ್ತೆ ಪಕ್ಕ ಮೂರರಲ್ಲಿ ಎರಡು ಸತ್ತಿವೆ. ಸರ್‌ಗೆ ಇದು ಗೊತ್ತಿಲ್ಲ. ಓದಿದರೆ ಕೇಳಿಯೇ ಕೇಳುತ್ತಾರೆ. ಎಣಿಕೆಯ ನೋಟ್‌ಬುಕ್ ಬ್ಯಾಗಿನಲ್ಲಿಟ್ಟುಕೊಂಡೆ.

೧೭ ಫೆಬ್ರವರಿ

ಸರ್ ಓದಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಸೈನ್ ಹಾಕಿ ಪತ್ರವನ್ನು ನನ್ನ ಕಡೆ ತಳ್ಳಿದರು.

ಬಸ್ಸಿನಲ್ಲಿ ಅಳು ಬಂತು. ಯಾಕೋ. ಬೇಕಾಗಿದ್ದು ಸಿಕ್ಕಿದೆಯಲ್ಲ.

೩ ಮಾರ್ಚ್

ಪತ್ರ ಇನ್ನೂ ಕವರಿಗೆ ಹಾಕಿಲ್ಲ. ಆಗುತ್ತಿಲ್ಲ.

ನೋಟ್‌ಬುಕ್ ಹಿಡಿದುಕೊಂಡು ಸರಸ್ವತೀಬಾಯಿ ಮೇಡಂ ಹತ್ತಿರ ಹೋದೆ. ಮೇ ತಿಂಗಳಲ್ಲಿ ರಿಟೈರ್ ಆಗುವವರು. ಕಟ್ಟುನಿಟ್ಟು. ಅವರ ರೂಮಿಗೆ ಯಾರೂ ಹೋಗುವುದಿಲ್ಲ.

"ನೀ ಏನು, ಎತ್ತ, ನನಗ ಗೊತ್ತಿಲ್ಲ. ಏನಂತ ಬರೀಲಿ?"

ಎದ್ದೆ.

"ಕುಂದ್ರು. ಕೊನೇ ದಿನ ಎಂದು?"

"ಹದಿನೈದಕ್ಕ ರೀ."

"ನಾಳಿಂದ ದಿನಾ ಬಾ. ಆ ನೋಟ್‌ಬುಕ್ ತಗೊಂಡು."

೯ ಮಾರ್ಚ್

ಮೇಡಂ ಗುಡ್ಡಕ್ಕೇ ಬಂದರು. ಮೊಣಕಾಲು ನೋವು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಎಲೆ ಒರೆಸಿ, ಕೆಂಪು ಧೂಳು ಹತ್ತಿದ ಬೆರಳು ನೋಡಿಕೊಂಡರು. "ನಾಲ್ಕನೇ ಜಾಗದಾಗ ಲೆಕ್ಕ ತಪ್ಪೀದಿ." ಮತ್ತೆ ಎಣಿಸಿದೆ. ಹೌದು, ಮೂರು ಸಸಿ ಹೆಚ್ಚು ಬರೆದಿದ್ದೆ. ನಾಚಿಕೆಯಾಯಿತು... ಖುಷಿಯೂ ಆಯಿತು. ಆ ಅಂಕಿಗಳನ್ನು ಇದುವರೆಗೆ ಯಾರೂ ಓದಿರಲಿಲ್ಲ.

೧೨ ಮಾರ್ಚ್

ಮೇಡಂ ಪತ್ರ, ಇಷ್ಟೇ:

'ಈ ವಿದ್ಯಾರ್ಥಿನಿಯನ್ನು ನಾನು ಒಂಬತ್ತು ದಿನಗಳಿಂದಷ್ಟೇ ಬಲ್ಲೆ. ಎರಡು ವರ್ಷ ನನ್ನ ತರಗತಿಯಲ್ಲಿದ್ದಳು, ಗಮನಿಸದೆ ಹೋದದ್ದು ನನ್ನ ತಪ್ಪು. ತಪ್ಪು ತೋರಿಸಿದರೆ ವಾದಿಸದೆ ಮತ್ತೆ ಎಣಿಸುತ್ತಾಳೆ. ಇಂಥವರು ನನಗೆ ಹೆಚ್ಚು ಸಿಕ್ಕಿಲ್ಲ.'

"ಇದು ಸಾಲದು ಅನಸಿದ್ರ ಕಳಸಬ್ಯಾಡ. ಉಬ್ಬಿಸಿ ಬರೀಲಿಕ್ಕೆ ನನಗ ಬರೂದಿಲ್ಲ."

೧೩ ಮಾರ್ಚ್

ಎರಡೂ ಪತ್ರ ಮುಂದಿಟ್ಟುಕೊಂಡು ಬೆಳಗ್ಗೆಯೆಲ್ಲ ಕೂತೆ. ಸರ್ ಹೆಸರು ದೊಡ್ಡದು. ಆದರೆ ಆ ಪತ್ರದಲ್ಲಿ ಸರ್ ಮಾತು ಒಂದೂ ಇಲ್ಲ.

ಅರ್ಜಿಯ ಜೊತೆ ಮೇಡಂ ಪತ್ರವನ್ನೇ ಪೋಸ್ಟ್ ಮಾಡಿದೆ. ಡ್ಯಾಂ ಹತ್ತಿರದ ಪೋಸ್ಟಾಫೀಸಿನ ಮುಂದೆ ಸ್ವಲ್ಪ ಹೊತ್ತು ನಿಂತೇ ಇದ್ದೆ. ಭಯ.

೨೦ ಜೂನ್, ಧಾರವಾಡ

ಇಂಟರ್‌ವ್ಯೂ. ಪತ್ರದ ಮೊದಲ ಸಾಲು ಓದಿ ಒಬ್ಬರು ನಕ್ಕರು. "ಒಂಬತ್ತೇ ದಿನಾ? ಅಷ್ಟರಾಗ ಏನು ನೋಡಿದ್ರು ಅವರು?" ಹೇಳಿದೆ. ಮೊದಲು ಮೂರು ಸಸಿ ತಪ್ಪಿದ್ದು, ಆಮೇಲೆ ಗುಡ್ಡದ್ದೆಲ್ಲ. ಇಪ್ಪತ್ತು ನಿಮಿಷ. ನಾನು ಅಷ್ಟು ಮಾತಾಡಬಲ್ಲೆ ಅಂತ ಗೊತ್ತಿರಲಿಲ್ಲ.

೬ ಜುಲೈ

ಸೀಟು ಸಿಕ್ಕಿತು.

ಕಾಲೇಜಿನಲ್ಲಿ ವಾದಿರಾಜ ಸರ್ ಎದುರಾದರು. "ನಮ್ಮ ಲೆಟರ್ ಕೆಲಸ ಮಾಡ್ತು ನೋಡು." ನಮಸ್ಕಾರ ಮಾಡಿ ಮುಂದೆ ನಡೆದೆ. ಸುದ್ದಿ ಹೇಳೋಣವೆಂದರೆ ಶ್ರೀಪ್ರಿಯಾ ಫೋನ್ ಎತ್ತಲಿಲ್ಲ. ಅವ್ವ "ಅಷ್ಟು ದೂರೇನವ್ವ?" ಎಂದಳು.

೭ ಜುಲೈ, ಸಂಜೆ

ಹೊಸಪೇಟೆಯಲ್ಲಿ ಮೇಡಂ ಮನೆ ಹುಡುಕಿಕೊಂಡು ಹೋದೆ. ಸುದ್ದಿ ಹೇಳಿ ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತೆ.

"ಅಲ್ಲೇ ಯಾಕ ನಿಂತಿ? ಒಳಗ ಬಾ. ಮೆಣಸಿನಕಾಯಿ ಹೆಚ್ಚು."

ಹೆಚ್ಚಿದೆ. ಮೇಡಂ ಒಗ್ಗರಣೆ ಹಾಕುತ್ತ ಕೇಳಿದರು.

"ಧಾರವಾಡದಾಗ ನಿನಗ ಯಾರದಾರ?"

"ಯಾರೂ ಇಲ್ಲ ರೀ."

"ಇಲ್ಲಿ ಯಾರಿದ್ರು?"

ಇನ್ನೊಂದು ಮೆಣಸಿನಕಾಯಿ ತಗೊಂಡೆ. ಮೇಡಂ ಒಲೆ ಸಣ್ಣ ಮಾಡಿ ತಿರುಗಿದರು.

"ಹೋದಮ್ಯಾಲೆ ವಾರಕ್ಕೊಂದು ಕಾಗದ ಹಾಕು. ಗಿಡದ ಸುದ್ದಿ ಬ್ಯಾಡ, ಅದನ್ನ ಅಲ್ಲಿಯವರು ಕೇಳ್ತಾರ. ನೀ ಹೆಂಗಿದ್ದಿ, ಅದನ್ನ ಬರಿ."

ರೂಮಿಗೆ ಬಂದೆ. ಹೋಗಲು ಇನ್ನೂ ಹತ್ತು ದಿನವಿದೆ. ಹೇಗೆ ಬರೆಯಬೇಕೋ... ಇಲ್ಲೇ ಒಮ್ಮೆ ಬರೆದು ನೋಡೋಣ ಅನ್ನಿಸಿತು.

ಮೇಡಂ, ನಾನು