ಎರಡೂ ಎಡತೋಳು

ಮಾರ್ಚ್ ೧೪

ಕಿಟಕಿ ಪಕ್ಕದ ಹಾಸಿಗೆಯ ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀರಿ, ಬೈಯಿರಿ. ಬಲಗೈ ಒಂದು ಪುಟಕ್ಕೇ ಸೋತುಹೋಗುತ್ತದೆ; ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ನನಗೆ ಬೇಕಾದ ಪದ ಸಿಗುವಷ್ಟರಲ್ಲಿ ಆ ಕಡೆಯವರು ತಾವೇ ಇನ್ನೊಂದು ಪದ ಕೊಟ್ಟು ಮಾತು ಮುಗಿಸಿಬಿಡುತ್ತಾರೆ.

ನಮ್ಮಿಬ್ಬರ ಮಿದುಳಿನ ಗಡ್ಡೆ ತೆಗೆದು ಮೊನ್ನೆಗೆ ಎಂಟು ವರ್ಷ. ವಾರ್ಡಿನಲ್ಲಿ ನೀವು ನನ್ನ ಬೋಳು ತಲೆ ನೋಡಿ, "ಇನ್ಮೇಲೆ ಯಾರಾದ್ರೂ ನಿನ್ ತಲೇಲಿ ಏನಿದೆ ಅಂದ್ರೆ, ಡಾಕ್ಟರ್ ತೆಗೆದು ನೋಡಿದಾರೆ, ಅವರನ್ನೇ ಕೇಳಿ ಅನ್ನು," ಎಂದಿದ್ದಿರಿ. ಹೊಲಿಗೆ ಎಳೆಯುತ್ತಿದ್ದರೂ ನಕ್ಕಿದ್ದೆ.

ಅಂಗಡಿಯಲ್ಲಿ ನಾನು ಇನ್ನೂ ಗುಂಡಿ ಹಾಕುವ, ಅಂಚು ಮಡಚಿ ಹೊಲಿಯುವ ಕೆಲಸದಲ್ಲೇ ಇದ್ದೇನೆ. ಮೊದಲು ಬಟ್ಟೆ ಕತ್ತರಿಸುತ್ತಿದ್ದವಳು ನಾನೇ, ನಿಮಗೆ ಗೊತ್ತಲ್ಲ. ನನ್ನ ಮೇಜಿನ ಹತ್ತಿರ ಬಂದರೆ ಯಜಮಾನಿಯೂ ದನಿ ತಗ್ಗಿಸುತ್ತಿದ್ದರು. ಕಳೆದ ತಿಂಗಳು ಈಗಿನ ಕಟಿಂಗ್ ಮಾಸ್ಟರ್ ಜ್ವರ ಬಂದು ಮಲಗಿದ. ಒಂದು ಕೋಟು ಮರುದಿನವೇ ಕೊಡಬೇಕಿತ್ತು. ಯಜಮಾನಿ ನನ್ನೆದುರು ಕತ್ತರಿ ಇಟ್ಟು, "ನಿನ್ ಕೈಲಿ ಆಗುತ್ತೇನೇ? ನಿಜ ಹೇಳು," ಎಂದರು.

"ಆಗುತ್ತೆ," ಎಂದೆ.

ಅಕ್ಕ, ಆ ಒಂದು ಗಂಟೆ ಹೇಗಿತ್ತು ಗೊತ್ತೇ? ಸೀಮೆಸುಣ್ಣ ಹಿಡಿದರೆ ಗೆರೆ ತಾನಾಗಿ ಬಂತು. ಬೆನ್ನು, ಮುಂಭಾಗ, ಕಾಲರ್, ಎಲ್ಲ ಸರಿಯಾಗಿ ಕೂತವು. ಅವತ್ತು ಬಲಗೈಯೂ ಸೋಲಲಿಲ್ಲ. ಬದುಕಿದೆ ಅನ್ನಿಸಿತು. ಕೊನೆಗೆ ತೋಳುಗಳನ್ನು ಕತ್ತರಿಸಿ ಒಂದರ ಮೇಲೊಂದು ಇಟ್ಟೆ. ಯಜಮಾನಿ ಬಂದು ಅವೆರಡನ್ನೂ ಎತ್ತಿ ಬೆಳಕಿಗೆ ಹಿಡಿದರು. ಬಟ್ಟೆಯ ಒಳಮೈ ಹೊರಮೈ ನೋಡದೆ ಎರಡನ್ನೂ ಎಡಗೈಗೇ ಕತ್ತರಿಸಿದ್ದೆ. ಅವರು ತೋರಿಸಿದ ಮೇಲೂ ತಪ್ಪು ಎಲ್ಲಿದೆ ಎಂದು ನನಗೆ ಕಾಣಲೇ ಇಲ್ಲ. ಆಗ ನನಗೆ ಭಯವಾಯಿತು.

"ಬಯ್ದುಬಿಡಿ," ಎಂದೆ.

"ಮೊದಲಿನ ನೀನಾಗಿದ್ರೆ ಬಯ್ತಿದ್ದೆ ಕಣೇ. ಹೋಗು, ಟೀ ಕುಡಿ."

ಹೋದ ವಾರ ವರ್ಷದ ಸ್ಕ್ಯಾನ್ ಆಯಿತು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ, ಎಲ್ಲಾ ಕ್ಲೀನಾಗಿದೆ. ಎಂಟು ವರ್ಷ! ನಮಗೂ ಖುಷಿ," ಎಂದರು. ಗಡ್ಡೆ ಇದ್ದ ಜಾಗ ಕಪ್ಪಗೆ, ಖಾಲಿಯಾಗಿ ಕಾಣುತ್ತಿತ್ತು. ಕೋಟಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಇನ್ನು ಇಷ್ಟೇ ಅಮ್ಮ. ಇದಕ್ಕಿಂತ ಸುಧಾರಿಸಲ್ಲ," ಎಂದು ಮೆಲ್ಲಗೆ ಹೇಳಿದರು. ಇಷ್ಟು ವರ್ಷ ಎಲ್ಲರೂ ನಿಧಾನಕ್ಕೆ ಸರಿಹೋಗುತ್ತೆ ಎನ್ನುತ್ತಿದ್ದರು. ನಾನು ನಂಬಿಕೊಂಡು ಕಾದಿದ್ದೆ.

ನಮ್ಮ ಮನೆಯವರು ಚೆನ್ನಾಗಿದ್ದಾರೆ. ವಾರದ ಮಾತ್ರೆಗಳನ್ನು ಅವರೇ ಡಬ್ಬಿಗೆ ಹಾಕಿಡುತ್ತಾರೆ. ಫಿಟ್ಸ್ ಬಂದೀತೆಂದು ಬಚ್ಚಲಿನ ಚಿಲಕ ಹಾಕಲು ಬಿಡುವುದಿಲ್ಲ. ಮಗಳು ಈ ವರ್ಷ ಕಾಲೇಜು ಮುಗಿಸುತ್ತಾಳೆ.

ನಿಮ್ಮ ಕಣ್ಣು ಹೇಗಿದೆ? ಎಡಗಡೆಯಿಂದ ಬರುವವರು ಕಾಣುವುದಿಲ್ಲ ಎಂದು ಬರೆದಿದ್ದಿರಿ. ರಸ್ತೆ ದಾಟುವಾಗ ಯಾರ ಕೈಯನ್ನಾದರೂ ಹಿಡಿದುಕೊಳ್ಳಿ, ಬಿಗುಮಾನ ಬೇಡ. ಮೊಮ್ಮಗಳಿಗೆ ನನ್ನ ಆಶೀರ್ವಾದ. ನೂರು ಕಾಲ ಬಾಳಲಿ. ತಲೆನೋವು ಎಂದರೇನು ಎಂದೇ ಆ ಮಗುವಿಗೆ ತಿಳಿಯದಿರಲಿ.

ನಿಮ್ಮ
ಪಕ್ಕದ ಹಾಸಿಗೆಯ ತಂಗಿ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದೆ. ಸ್ಕ್ಯಾನ್ ಆದ ದಿನ ಸಂಜೆ ಮನೆಯವರು ಅಡುಗೆಮನೆಯಲ್ಲಿ ನಿಂತು ತಮ್ಮ ತಂಗಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದರು. ನಾನು ಒಣಗಿದ ಬಟ್ಟೆ ಹಿಡಿದು ಬಾಗಿಲ ಈಚೆ ಇದ್ದೆ. "ಹೂಂ, ಏನೂ ಇಲ್ವಂತೆ, ಒಳ್ಳೇದೇ ಆಯ್ತು," ಎಂದರು. ಆಮೇಲೆ ಬಿಕ್ಕತೊಡಗಿದರು. "ಅವತ್ತು ಆಪರೇಷನ್ ಟೇಬಲ್ ಮೇಲೇ ಹೋಗಿದ್ರೆ ಅತ್ತು ಸುಧಾರಿಸ್ಕೊಳ್ತಿದ್ದೆ ಕಣೇ. ನನ್ ಹೆಂಡ್ತಿ ಅವತ್ತೇ ಹೋದ್ಲು. ಮನೇಲಿ ಇವಳು ಓಡಾಡ್ಕೊಂಡಿರುವಾಗ ನಾನು ಯಾರ ಹತ್ರ ಅಂತ ಹೇಳ್ಕೊಂಡು ಅಳ್ಲಿ?"

ನಾನು ಒಳಕೋಣೆಗೆ ಹೋಗಿ ಬಟ್ಟೆ ಮಡಚಿದೆ. ಅವರು ಮುಖ ತೊಳೆದು ಬಂದು ಮಾತ್ರೆ ಕೊಟ್ಟರು, ನುಂಗಿದೆ. ಕೋಪ ಬರಲಿಲ್ಲ ಅಕ್ಕ. ಅವರು ಯಾರಿಗಾಗಿ ಅಳುತ್ತಿದ್ದರೋ ಅವಳನ್ನು ನಾನೂ ಎಂಟು ವರ್ಷದಿಂದ ಹುಡುಕುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗಂದದ್ದು ನಿಮ್ಮ ಕಿವಿಗೆ ಬಿದ್ದಿದೆಯೇ? ಇಲ್ಲದಿದ್ದರೂ ಬಿದ್ದಿದೆ ಎಂದೇ ಬರೆಯಿರಿ.