ತಿರುಗಿ ಬಂದ ಮೇಲಿನ ಉಡಿ

ಅತ್ತೀ,

ನಿಮ್ಮ ಸೊಸೆ ಶೈಲಾ ಗಜೇಂದ್ರಗಡದ ಮನೆಯಿಂದಲೇ ಬರೆಯುತ್ತಿದ್ದೇನೆ. ಎಲ್ಲರೂ ಚೆನ್ನಾಗಿದ್ದೇವೆ. ಚಹಾಕ್ಕೆ ಸಕ್ಕರೆ ಕಡಿಮೆ ಬಿತ್ತೆಂದು ಮಾವ ಈಗಲೂ ನಿಮ್ಮ ಫೋಟೋದ ಕಡೆ ನೋಡಿ ದೂರು ಹೇಳುತ್ತಾರೆ. "ಸತ್ತಾಕಿಗೆ ಯಾರರ ಕಾಗದ ಬರೀತಾರೇನ, ಹುಚ್ಚಿ" ಅನ್ನುತ್ತೀರಿ, ಗೊತ್ತು. ಬದುಕಿದ್ದಾಗಲೂ ನಿಮಗೆ ಓದಲು ಬರುತ್ತಿರಲಿಲ್ಲ. ಲಗ್ನಪತ್ರಿಕೆಯಿಂದ ಹಿಡಿದು ಔಷಧದ ಚೀಟಿಯವರೆಗೆ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಬರೆದು ಮುಗಿಸಿ ಗಟ್ಟಿಯಾಗಿ ಓದುತ್ತೇನೆ. ಗೋಡೆಯ ದೇವರ ಮಾಡದಲ್ಲಿ ನೀವೇ ಎತ್ತಿಟ್ಟಿದ್ದ ಕುಪ್ಪಸದ ಹಸಿರು ಖಣದ ವಿಷಯ ಹೇಳುವುದಿದೆ. ಸಿಟ್ಟಾಗುವುದಿದ್ದರೆ ಪೂರ್ತಿ ಕೇಳಿ ಆಮೇಲೆ ಸಿಟ್ಟಾಗಿರಿ.

ಹುಬ್ಬಳ್ಳಿಯಿಂದ ರಿಪೋರ್ಟ್ ಬಂದ ದಿನ ನೆನಪಿದೆಯೇ? ಮಾವ ಮತ್ತು ನಿಮ್ಮ ಮಗ ಅಂಗಳದಲ್ಲಿ ಪಿಸುಗುಡುತ್ತ ನಿಂತಿದ್ದರು. ನಿಮಗೆ ಬರೀ ಗಡ್ಡೆ ಎಂದಷ್ಟೇ ಹೇಳುವುದೆಂದು ಅವರೊಳಗೆ ಮಾತಾಗಿತ್ತು. ನೀವು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಳಗಿನಿಂದಲೇ ಕೇಳಿದಿರಿ, "ಕ್ಯಾನ್ಸರ್ ಅನ್ನಾಕ ನಾಲಿಗಿ ಏಳವಲ್ದೇನು ಇಬ್ಬರಿಗೂ? ನನ್ನ ಮೈಯಾಗಿಂದು ನನಗ ಗೊತ್ತಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿ, "ನೀ ಯಾಕ ನಿಂತಿ? ಹಂಚು ಕಾದೈತಿ, ನೋಡು" ಎಂದಿರಿ. ಅವತ್ತು ಮನೆಯಲ್ಲಿ ಧೈರ್ಯವಾಗಿದ್ದವರು ರೋಗ ಬಂದವರೊಬ್ಬರೇ. ನಾನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ರೊಟ್ಟಿ ತಿರುವಿ ಹಾಕಿದೆ.

ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೊರಟ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ತಟ್ಟೆ ಹಿಡಿದು ಬಂದರು. ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ, ಮೇಲೆ ಆ ಹಸಿರು ಖಣ. ಹೊರಟು ನಿಂತ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ತವರಿನಿಂದ ಹೊರಟ ಮಗಳಿಗೆ ತುಂಬುತ್ತೇವೆ, ಬಸುರಿಗೆ ತುಂಬುತ್ತೇವೆ. ಗಂಡನಿಗಿಂತ ಮೊದಲು ಕಣ್ಣು ಮುಚ್ಚಿದವಳಿಗೂ ತುಂಬುತ್ತೇವೆ, ಅದು ಕಡೆಯ ಉಡಿ. ಬಂದವರ ಮುಖದಲ್ಲಿ ಆ ಕಡೆಯದೇ ಕಾಣುತ್ತಿತ್ತು. ನೀವು ಸೆರಗು ಒಡ್ಡಲಿಲ್ಲ. "ಈಗ ಉಡಿ ಬ್ಯಾಡ್ರವ್ವ. ಈಗ ಬುತ್ತಿ ಕಟ್ರಿ. ಉಡಿ ತಿರುಗಿ ಬಂದ ಮ್ಯಾಲ" ಎಂದು ಖಣವನ್ನು ಎತ್ತಿ ದೇವರ ಮಾಡದಲ್ಲಿಟ್ಟಿರಿ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬಳು ಒಣಗಿಸಿದ ಕಟಕ ರೊಟ್ಟಿ ತಂದಳು, ಒಬ್ಬಳು ಶೇಂಗಾ ಚಟ್ನಿ, ಮತ್ತೊಬ್ಬಳು ಗುರೆಳ್ಳು ಚಟ್ನಿ. ಬಸ್ಸಿನಲ್ಲಿ ಬುತ್ತಿಯ ಗಂಟು ನಿಮ್ಮಷ್ಟೇ ಜಾಗ ಹಿಡಿದಿತ್ತು.

ಆಪರೇಷನ್ ಆದ ಮೇಲೆ ನಿಮ್ಮ ಎಡಗೈ ಬಾತುಕೊಂಡಿತು. ಯಾವ ಕುಪ್ಪಸದ ತೋಳೂ ಏರುತ್ತಿರಲಿಲ್ಲ. ಮಾವನ ಹಳೆಯ ಮೆತ್ತನೆಯ ಧೋತರ ಹರಿದು ಮಷೀನಿನ ಮುಂದೆ ಕೂತೆ. ಮುಂದೆ ಗುಂಡಿ, ತೋಳು ಸಡಿಲ, ಗಾಯಕ್ಕೆ ಒತ್ತದಂತೆ ಹೊಲಿಗೆಯ ಅಂಚು ಹೊರಗೆ, ತೆಗೆದ ಮೊಲೆಯ ಜಾಗಕ್ಕೆ ಒಳಗೊಂದು ಹತ್ತಿಯ ಮೆತ್ತೆ. ನೀವು ಕನ್ನಡಿ ನೋಡಿಕೊಂಡು, "ಕುಬಸಾ ತಿರುವಿ ಹಾಕ್ಕೊಂಡಾಳ ಮುದುಕಿ ಅಂತಾರ ಮಂದಿ" ಎಂದು ತಕರಾರು ತೆಗೆದಿರಿ. ಮುಂದಿನ ಸಲ ಔಷಧಕ್ಕೆ ಹೋದಾಗ ದವಾಖಾನೆಯಲ್ಲಿ ಸಾಲಾಗಿ ಕೂತ ಹೆಂಗಸರಿಗೆಲ್ಲ ಸೆರಗು ಸರಿಸಿ ತೋರಿಸಿದ್ದೂ ನೀವೇ. "ನನ್ನ ಸೊಸಿ ಹೊಲದಾಳ, ಅಳತಿ ಕೊಡ್ರಿ." ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನೀವು. ಇನ್ಯಾರನ್ನು ಬೈಯಲಿ?

ರೇಡಿಯೇಷನ್ನಿನ ಕರೆಂಟ್ ಕೊಡುವುದು ಮುಗಿಯಲಿ, ಆಮೇಲೆ ಉಡಿ, ಎಂದಿದ್ದಿರಿ. ಅದು ಮುಗಿಯುವ ಮೊದಲೇ ರೋಗ ಲಿವರಿಗೆ ಇಳಿದಿತ್ತು. ಆಮೇಲಿನದು ನಿಮಗೂ ಗೊತ್ತು, ನನಗೂ... ನೀವು ಹೋದ ದಿನ ಯಾರೋ ಒಬ್ಬಳು ಮಾಡಕ್ಕೆ ಕೈ ಹಾಕಿ ಆ ಖಣವನ್ನೇ ತೆಗೆಯಹೋದಳು. ನಾನು ಅವಳ ಕೈ ಹಿಡಿದುಬಿಟ್ಟೆ. "ಅದು ಇದಕ್ಕಲ್ಲ. ಅದು ತಿರುಗಿ ಬಂದಾಗಿಂದು. ಪ್ಯಾಟಿಗೆ ಹೋಗಿ ಬ್ಯಾರೇದು ತರ್ರಿ" ಎಂದೆ. ಹೆಣದ ಮುಂದೆ ಇದೇನು ಹಟ ಎಂದರು. ಮಾವ ಕಂಬಕ್ಕೆ ಒರಗಿದವರು ತಲೆ ಎತ್ತದೆ, "ಆಕಿ ಹೇಳಿದ್ದು ಖರೇ ಐತಿ, ಬ್ಯಾರೇದು ತರ್ಲಿ" ಎಂದರು. ನನಗೆ ಅವತ್ತು ಅಳುವಿಗಿಂತ ಸಿಟ್ಟು ಹೆಚ್ಚಿತ್ತು ಅತ್ತೀ, ಅದೂ ನಿಮ್ಮ ಮೇಲೆ. ಬರುತ್ತೇನೆಂದು ಹೇಳಿ ಬರದೆ ಹೋದವರ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಆ ಸಿಟ್ಟನ್ನು ಇಟ್ಟುಕೊಂಡು ಮನೆಯಲ್ಲಿ ಕೂರಲಾಗಲಿಲ್ಲ. ನೀವು ಅಳತೆ ಕೊಡಿಸಿದ್ದ ಹೆಂಗಸರು ಕುಪ್ಪಸಕ್ಕೆ ಬರುತ್ತಲೇ ಇದ್ದರು. ಒಬ್ಬಳು ದವಾಖಾನೆಗೆ ಜೊತೆಗೆ ಬಾ ಎಂದಳು, ಹೋದೆ. ಒಬ್ಬಳ ಗಂಡ, ಇವಳಿಗೆ ಹೇಳುವುದು ಹ್ಯಾಗೆ ಎಂದು ಕೇಳಿದ, ಅವಳಿಗೆ ಮೊದಲೇ ಗೊತ್ತು, ನಿನಗೆ ಧೈರ್ಯ ಬರುವುದನ್ನು ಕಾಯುತ್ತಿದ್ದಾಳೆ ಎಂದೆ. ಮಾತಾಡಿಸಲು ಬಂದವರು ಬಾಗಿಲಲ್ಲೇ ಸೆರಗಿಗೆ ಮೂಗೊರೆಸಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅಂಟುತ್ತದೆಂದು ಲೋಟ ಬೇರೆ ಇಟ್ಟ ಮನೆಯಲ್ಲಿ ಅದೇ ಲೋಟದಲ್ಲಿ ನೀರು ಕೇಳಿ ಕುಡಿಯುತ್ತೇನೆ. ನರೇಗಲ್ಲಿನ ಸಂತೆಯಲ್ಲಿ ಒಬ್ಬಾಕೆ ನನ್ನನ್ನು ಕಂಡು ದಾರಿ ಬದಲಿಸಿದಳು, ನಾನು ಬಂದ ಮನೆಗೆ ರೋಗ ಬರುತ್ತದೆಂದು. ರೋಗ ಬಂದ ಮನೆಗೆ ನಾನು ಹೋಗುತ್ತೇನೆ ತಾಯಿ, ಎಂದು ಕೂಗಿ ಹೇಳಿದೆ. ಬದನೆಕಾಯಿ ಮಾರುವವಳು ನಕ್ಕಳು.

ಈಗ ರೇಣುಕಾಳ ಮಾತಿಗೆ ಬರುತ್ತೇನೆ. ಯಾವಗಲ್ ಊರಿನವಳು, ದವಾಖಾನೆಯಲ್ಲಿ ಪರಿಚಯವಾದವಳು, ಕೂಲಿಗೆ ಹೋಗುತ್ತಾಳೆ, ಗಂಡ ಮಲ್ಲೇಶಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮೊಲೆಯಲ್ಲಿ ಗಂಟು ಕೈಗೆ ಸಿಕ್ಕ ಕೂಡಲೇ ತೋರಿಸಿದ್ದಳು. ಬೇಗ ಬಂದಿದ್ದೀರಿ, ಆಪರೇಷನ್ ಮಾಡೋಣ, ಎಂದಿದ್ದರು ಡಾಕ್ಟರು. ಹುಬ್ಬಳ್ಳಿಯ ಬಸ್ಸು ಹತ್ತಿದೆವೆಂದು ಬೆಳಿಗ್ಗೆ ಫೋನು ಮಾಡಿದ ಮಲ್ಲೇಶಿಯೇ ಮಧ್ಯಾಹ್ನ ಮತ್ತೆ ಮಾಡಿದ. "ಅಕ್ಕಾರ, ನರಗುಂದದಾಗ ಇಳದುಬಿಟ್ಲ್ರಿ. ವಾಪಸ್ ಮನಿಗೆ ಬಂದೇವಿ. ಒಲ್ಲೆ ಅಂದ್ರ ಒಲ್ಲೆ ಅನ್ನಾಕತ್ತಾಳ." ಯಾಕೆಂದು ಕೇಳಿದೆ. "ನಮ್ಮ ಸೋದರತ್ತಿ ಉಡಿ ತುಂಬಿದ್ಲ್ರಿ" ಎಂದ. ಮುಂದೆ ಕೇಳುವ ಅಗತ್ಯ ಬೀಳಲಿಲ್ಲ. ರೋಣದಲ್ಲಿ ಬಸ್ಸು ಬದಲಿಸಿ ಯಾವಗಲ್ಲಿಗೆ ಹೋದೆ.

ಕಟ್ಟೆಯ ಮೇಲೆ ಆ ಸೋದರತ್ತೆ ಈರವ್ವ ಕೂತಿದ್ದಳು. ದಾರಿಯುದ್ದಕ್ಕೂ ಅವಳನ್ನು ಬೈಯಲು ಮಾತು ಜೋಡಿಸಿಕೊಂಡು ಬಂದಿದ್ದೆ. "ಛಲೋ ಆಗಿ ಬರ್ಲಿ ಅಂತ ತುಂಬಿದ್ನವ್ವ ನಾ. ಓಣ್ಯಾಗಿನ ಎಲ್ಲಾರನೂ ಕರದು ತುಂಬಿದ್ನಿ. ಅಳು ತಡೀಲಿಲ್ಲ, ಎಲ್ಲಾರೂ ಅತ್ರು" ಎಂದಳು. ಒಬ್ಬಳು ಹೆಣಕ್ಕೆ ಮುಡಿಸುವಂತೆ ತಲೆಗೆ ಹೂವಿನ ದಂಡೆಯನ್ನೂ ಮುಡಿಸಿದ್ದಳಂತೆ. ಪ್ರೀತಿಯಿಂದ ಮಾಡಿದ್ದಕ್ಕೆ ಏನೆಂದು ಬೈಯುವುದು? ಒಳಗೆ ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಅಕ್ಕಿ, ಕಾಯಿ ಕಟ್ಟಿದ್ದ ಸೆರಗಿನ ಗಂಟು ಇನ್ನೂ ಬಿಚ್ಚಿರಲಿಲ್ಲ. "ಕಡೀ ಉಡಿ ಕಟ್ಕೊಂಡು ದವಾಖಾನಿಗೆ ಯಾಕ ಹೋಗ್ಲಿ ಅಕ್ಕಾರ? ಎಲ್ಲಾರೂ ಕಳಿಸಿಕೊಟ್ಟಾರ. ಮನ್ಯಾಗ ಸಾಯ್ತೇನಿ" ಎಂದಳು.

ಬುತ್ತಿಯ ಗಂಟು ಎತ್ತಿಕೊಂಡು ನೀವು ಬಸ್ಸು ಹತ್ತಿದ್ದು ಆಗ ಕಣ್ಣ ಮುಂದೆ ಬಂತು. ಅವಳಿಗೆ ಎಲ್ಲ ಹೇಳಿದೆ. ನೀವು ಸೆರಗು ಒಡ್ಡದೆ ನಿಂತದ್ದು, ಖಣವನ್ನು ಮಾಡದಲ್ಲಿಟ್ಟದ್ದು, ತಿರುಗಿ ಬಂದ ಮ್ಯಾಲ ಎಂದದ್ದು. ಅವಳು ಕಣ್ಣು ಬಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ನಾನು ಹೆದರಿದ್ದ ಮಾತನ್ನೇ ಕೇಳಿದಳು. "ನಿಮ್ಮ ಅತ್ತಿ ತಿರುಗಿ ಬಂದ್ರೇನ್ರಿ?"

ಏನು ಹೇಳಬೇಕಿತ್ತು ಅತ್ತೀ? ಬಾಗಿಲಲ್ಲಿ ನಿಂತ ಮಲ್ಲೇಶಿ ಹೌದೆನ್ನಿ ಎಂದು ತಲೆಯಾಡಿಸಿ ಸನ್ನೆ ಮಾಡುತ್ತಿದ್ದ. ಹೌದೆಂದಿದ್ದರೆ ಅವಳು ಅವತ್ತೇ ಹೊರಡುತ್ತಿದ್ದಳೇನೋ. ನಾಳೆ ಗೊತ್ತಾದರೆ? ಅಂಗಳದಲ್ಲಿ ಪಿಸುಗುಟ್ಟಿದ ಗಂಡಸರ ಸಾಲಿಗೆ ನಾನೂ ಸೇರಬೇಕೇ? "ಇಲ್ಲ. ಬರಲಿಲ್ಲ" ಎಂದೆ. "ಗಂಟು ಕೈಗೆ ಸಿಕ್ಕ ಮ್ಯಾಲೂ ಎರಡು ಸುಗ್ಗಿ ಸೆರಗಿನಾಗ ಮುಚ್ಚಿಟ್ಕೊಂಡು ದುಡದ್ರು. ಹೇಳಾಕ ನಾಚಿಕಿ ಅಂದ್ರು. ಅದಕ್ಕ ಬರಲಿಲ್ಲ. ನೀ ಹಂಗ ಮಾಡಿಲ್ಲ. ನಿನಗ ದಾರಿ ಐತಿ, ನರಗುಂದದಾಗ ಇಳೀದಿದ್ರ." ನಿಮ್ಮ ಗುಟ್ಟನ್ನು ಹೇಳಿಬಿಟ್ಟೆ. ಇನ್ನೊಬ್ಬಳು ಬದುಕಲು ಬೇಕಿತ್ತು, ಹೇಳಿದೆ.

ರೇಣುಕಾ ಸೆರಗಿನ ಗಂಟನ್ನು ಕೈಯಲ್ಲಿ ಹಿಡಿದು ನೋಡಿದಳು. "ಮತ್ತ ಅವರ ಖಣ?" ಎಂದಳು. ಮಾಡದಲ್ಲೇ ಇದೆ ಎಂದೆ. ಆಮೇಲಿನ ಮಾತು ನಾನು ಯೋಚಿಸಿ ಆಡಿದ್ದಲ್ಲ. "ನೀ ತಿರುಗಿ ಬಾ. ನಿನಗ ತುಂಬ್ತೇನಿ" ಎಂದೆ. ಅಷ್ಟರಲ್ಲಿ ಈರವ್ವ ಒಳಗೆ ಬಂದು ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರನ್ನೂ ಕೇಳದೆ ಆ ಗಂಟು ಬಿಚ್ಚಿದಳು. ಅಕ್ಕಿಯನ್ನು ಮೊರಕ್ಕೆ ಸುರುವಿದಳು, ಕಾಯಿಯನ್ನು ಹೊಸ್ತಿಲಿಗೆ ಒಡೆದಳು. "ಈ ಅಕ್ಕಿ ಅನ್ನಾ ಮಾಡಿ ಎಲ್ಲಾರೂ ಉಣ್ಣೂಣು. ಕಾಯಿ ಚಟ್ನಿಗೆ ಹಾಕ್ತೇನಿ. ಉಡಿ ಅಲ್ಲವ್ವ ಇದು, ಬುತ್ತಿ. ನಾನೂ ಬರ್ತೇನಿ ಹುಬ್ಬಳ್ಳಿಗೆ" ಎಂದಳು. ಹಸಿಕಾಯಿಯ ಚಟ್ನಿ ಹುಬ್ಬಳ್ಳಿ ಮುಟ್ಟುವುದರೊಳಗೆ ಹಳಸುತ್ತದೆ ಎನ್ನಬೇಕೆಂದಿದ್ದವಳು ಅಕ್ಕಿ ಆರಿಸಲು ಕೂತೆ. ಮರುದಿನದ ಬಸ್ಸಿಗೆ ನಾಲ್ವರೂ ಹೋದೆವು, ನರಗುಂದದಲ್ಲಿ ಈರವ್ವ ರೇಣುಕಾಳ ಕೈ ಹಿಡಿದೇ ಕೂತಿದ್ದಳು.

ಕೀಮೋ ಶುರುವಾದಾಗ ನೀವು ರೊಟ್ಟಿ ಸೇರದೆ ಅತ್ತದ್ದುಂಟು. ಆಪರೇಷನ್ ಮುಗಿದು ಕೀಮೋ ಹತ್ತಿದ ಮೇಲೆ ರೇಣುಕಾಳಿಗೂ ಹಾಗೆಯೇ ಬಾಯಿ ಹುಣ್ಣಾಯಿತು. ನಿಮಗೆ ಮಾಡುತ್ತಿದ್ದಂತೆ ಕಟಕ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಡುವುದನ್ನು ಈರವ್ವನಿಗೆ ಕಲಿಸಿದೆ. ಕೂದಲು ಉದುರಿದ ದಿನ ರೇಣುಕಾ ಇನ್ನು ಒಲ್ಲೆ ಎಂದಳು. ಆ ಮಾತನ್ನು ಮತ್ತೂ ಕೆಲವು ಸಲ ಅಂದಳು, ನಾವು ಪ್ರತಿ ಸಲವೂ ಬಸ್ಸು ಹತ್ತಿಸಿದೆವು. ಈರವ್ವನಂತೂ ಯಾವಗಲ್ಲಿನ ಮನೆಯ ಬಾಗಿಲಲ್ಲಿ ಕಾವಲು ಕೂತುಬಿಟ್ಟಳು. ಮಾತಾಡಿಸಲು ಬಂದವರಿಗೆ, "ಅಳಾವರು ಬಸ್‌ಸ್ಟ್ಯಾಂಡಿನಾಗ ಅತ್ತು ಮುಗಿಸಿ ಬರ್ರಿ. ಇಲ್ಲಿ ಬಂದ್ರ ಕಸಾ ಹೊಡೀಬೇಕು, ನೀರು ತರಬೇಕು" ಎನ್ನುತ್ತಿದ್ದಳಂತೆ. ನನಗಿಂತ ಬಾಯಿ ಜೋರು. ನಿಮಗೂ ಅವಳಿಗೂ ಒಂದೇ ಮನೆಯಲ್ಲಿ ಹೊಂದುತ್ತಿರಲಿಲ್ಲ ಬಿಡಿ.

ಮೊನ್ನೆ ಸೋಮವಾರ ಮಷೀನಿನ ಮುಂದೆ ಕೂತಿದ್ದೆ, ಬಾಗಿಲಲ್ಲಿ ರೇಣುಕಾ ನಿಂತಿದ್ದಳು, ಹಿಂದೆ ಈರವ್ವ. ತಲೆಯಲ್ಲಿ ಗಿಡ್ಡ ಕೂದಲು ಬಂದಿದೆ. ಔಷಧ, ಕರೆಂಟು ಎಲ್ಲ ಮುಗಿದಿದೆ. ಇನ್ನು ಆಗಾಗ ತೋರಿಸುತ್ತಿರಬೇಕು, ಮುಂದಿನದನ್ನು ಯಾರೂ ಬರೆದುಕೊಡುವುದಿಲ್ಲ, ಅದು ಅವಳಿಗೂ ಗೊತ್ತು. ಆದರೆ ತಿರುಗಿ ಬಂದಿದ್ದಳು ಅತ್ತೀ, ತನ್ನ ಕಾಲ ಮೇಲೆ, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು. "ಬಂದೇನ್ರಿ ಅಕ್ಕಾರ" ಎಂದಳು. ನಾನು ಮಷೀನು ಬಿಟ್ಟು ಏಳುವುದರೊಳಗೆ ಮಾವನೇ ಎದ್ದು ಹೋಗಿ ಮಾಡದಿಂದ ಖಣ ತೆಗೆದು ಧೂಳು ಜಾಡಿಸಿ ನನ್ನ ಕೈಗಿಟ್ಟರು. ಸತ್ತವರದೆಂದು ಈರವ್ವ ಎಲ್ಲಿ ಬೇಡವೆನ್ನುತ್ತಾಳೋ ಎಂದು ಅವಳ ಮುಖ ನೋಡಿದೆ. "ಮುತ್ತೈದಿ ಇಟ್ಟ ಖಣ. ತುಂಬವ್ವ" ಎಂದಳು. ರೇಣುಕಾ ಸೆರಗು ಒಡ್ಡಿದಳು. ನಾನು ತುಂಬಿದೆ. ಅವತ್ತು ಅತ್ತವಳು ನಾನೊಬ್ಬಳೇ, ಈರವ್ವನಿಂದ ಬೈಸಿಕೊಂಡೆ.

ಖಣವನ್ನು ಮತ್ತೆ ಅವಳ ಕೈಯಿಂದ ಇಸಿದುಕೊಂಡು ಅಲ್ಲೇ ಕುಪ್ಪಸ ಹೊಲಿದುಕೊಟ್ಟೆ. ತೋಳು ಸಡಿಲ, ಒಳಗೆ ಮೆತ್ತೆ. ಈ ಸಲ ಹೊಲಿಗೆಯ ಅಂಚು ಒಳಗೆ ಮಡಚಿದ್ದೇನೆ, ಅವಳ ಗಾಯ ಮಾಗಿದೆ. ತೊಟ್ಟುಕೊಂಡೇ ಹೊರಟಳು. ಹೊರಡುವಾಗ ಚೀಲದಿಂದ ಒಂದು ಹೊಸ ಖಣ ತೆಗೆದು, ಕೆಂಪು, ಬೆಳ್ಳಿಬಣ್ಣದ ಅಂಚು, ತಾನೇ ಹೋಗಿ ಮಾಡದಲ್ಲಿಟ್ಟಳು. "ಮುಂದಿನಾಕಿಗ್ರಿ" ಎಂದಳು.

ಮುಂದಿನಾಕೆ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಫೋನು ಬಂದಿದೆ. ಸೂಡಿಯವಳು, ನಿಮ್ಮ ತವರಿನವಳು. ಹುಬ್ಬಳ್ಳಿಗೆ ಹೋಗಲು ಹೆದರುತ್ತಿದ್ದಾಳೆ, ಓಣಿಯವರು ಉಡಿ ತುಂಬಲು ಬರುತ್ತಾರಂತೆ. ಬೆಳಗಿನ ಬಸ್ಸಿಗೆ ನಾನು ಅವರಿಗಿಂತ ಮೊದಲು ಹೋಗಿ ಮುಟ್ಟುತ್ತೇನೆ. ರೊಟ್ಟಿ ಬಡಿದು ಒಣಗಿಸಿದ್ದೇನೆ, ಬುತ್ತಿ ಕಟ್ಟಿಟ್ಟಿದ್ದೇನೆ.

ನಿಮ್ಮ ಸೊಸೆ,
ಶೈಲಾ